ಅರ್ಹತೆಯಿಲ್ಲದ ಅಕ್ಕೋರು

ಹಂಸಭಾವಿ
೧೨ ಜೂನ್ ೧೯೮೨

ಮುನವ್ವರಾ ಅಕ್ಕೋರಿಗೆ ಹೊಳೆವ್ವನ ನಮಸ್ಕಾರ.

ನೀವು ಕಳಿಸಿದ ಸೆಲ್ಲುಗಳು ಮುಟ್ಟಿದವು. ಗುತ್ತೆವ್ವನ ಕಿವಿಯ ಯಂತ್ರ ಮತ್ತೆ ನಡೆಯತೊಡಗಿದೆ. ಹೋದ ಶುಕ್ರವಾರ ಅವಳು ಒಂದು ಪೂರ್ತಿ ಮಾತು ಆಡಿದಳು. ಹಾಲಿನ ಲೋಟ ಮುಂದಿಟ್ಟರೆ ನನ್ನ ಮುಖ ನೋಡಿ, "ಹಾಲು ಬ್ಯಾಡ, ಚಾ ಬೇಕು" ಎಂದಳು. ಹುಟ್ಟು ಕಿವುಡಿ ಎಂದು ಊರೆಲ್ಲ ಕೈಬಿಟ್ಟಿದ್ದ ಮಗಳು ಒಂಬತ್ತನೆಯ ವರ್ಷಕ್ಕೆ ತಾಯಿಗೆ ಎದುರು ಮಾತಾಡಿದಳು. ಅವಳಪ್ಪ ಎದ್ದು ಹೋಗಿ ತಾವೇ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟರು.

ನಾಲ್ಕು ವರ್ಷದ ಹಿಂದೆ ಅವಳನ್ನು ಹೊತ್ತುಕೊಂಡು ಸವಣೂರಿನ ನಿಮ್ಮ ಶ್ರವಣ ಕೇಂದ್ರಕ್ಕೆ ಬಂದಾಗ, "ನಾ ತಿಂಗಳಿಗೊಮ್ಮೆ ಕಲಿಸಿದ್ರ ಏನೂ ಆಗೂದಿಲ್ಲ ಅಕ್ಕಾ, ದಿನಾ ನೀವ ಕಲಿಸಬೇಕು" ಎಂದು ನೀವು ನನ್ನನ್ನೇ ಕೂಡಿಸಿ ಕಲಿಸಿದಿರಿ. ಕನ್ನಡಿಯ ಮುಂದೆ ತುಟಿ ತೋರಿಸುವುದು, ಗಂಟಲ ಮೇಲೆ ಕೈ ಇಡಿಸಿ 'ಮ' ಅನ್ನಿಸುವುದು, ಕಾಗದದ ಚೂರು ಹಾರುವಂತೆ 'ಪ' ಅನ್ನಿಸುವುದು. ಒಬ್ಬಳಿಗಾಗಿ ಕಲಿತದ್ದು ಈಗ ಆರು ಮಕ್ಕಳಿಗೆ ಬಂದು ನಿಂತಿದೆ, ಊರವರು ಸಾಲೆಯಲ್ಲಿ ಕಲಿಸುವವರಿಗೆ ಅಂದಂತೆ ನನಗೂ ಅಕ್ಕೋರು ಅನ್ನತೊಡಗಿದ್ದಾರೆ. ನಮ್ಮೂರಿನ ಗುದ್ಲೆಪ್ಪನವರು ತಾವು ಹತ್ತಿ ತುಂಬುತ್ತಿದ್ದ ಕೋಣೆಯನ್ನು ಪಾಠಕ್ಕೆಂದು ಬಿಟ್ಟುಕೊಟ್ಟಿದ್ದಾರೆ. ಚಾಪೆ, ಕನ್ನಡಿ, ಸೆಲ್ಲು ನಿಮ್ಮ ಕೇಂದ್ರದಿಂದ ಬಂದವು. ಇನ್ನೇನು ಬೇಕು?

ಆರನೆಯವಳು ಹೊಸಬಳು. ಹೆಸರು ಶಂಕ್ರವ್ವ, ಏಳು ವರ್ಷ. ತಿಳವಳ್ಳಿಯ ಭರಮಪ್ಪನ ಮಗಳು, ಇಲ್ಲಿ ಅಜ್ಜಿ ಯಂಕವ್ವನ ಮನೆಯಲ್ಲಿದ್ದು ಬರುತ್ತಾಳೆ. ಮೂರು ವರ್ಷದವರೆಗೆ ಚೆನ್ನಾಗಿಯೇ ಮಾತಾಡುತ್ತಿದ್ದಳಂತೆ, ಆಮೇಲೆ ಕಡಿಮೆಯಾಯಿತಂತೆ. ಮಳೆಗಾಲ ಮುಗಿದ ಮೇಲೆ ನಿಮ್ಮಲ್ಲಿಗೆ ಪರೀಕ್ಷೆಗೆ ಕರೆತರುತ್ತೇನೆ ಎಂದಿದ್ದಾರೆ ಭರಮಪ್ಪ. ಭಾರಿ ಹಟಮಾರಿ ಹುಡುಗಿ. ಗುತ್ತೆವ್ವನ ಹಳೆಯ ಯಂತ್ರ ಕಿವಿಗಿಡಲು ಹೋದರೆ ಕಿತ್ತು ಎಸೆಯುತ್ತಾಳೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾಳೆ. ಇವಳನ್ನು ಹೇಗೆ ಪಳಗಿಸಲಿ, ತಿಳಿಸಿರಿ.

ನಿಮ್ಮ,
ಹೊಳೆವ್ವ

*

ಸವಣೂರು
೨೮ ಜೂನ್ ೧೯೮೨

ಪ್ರೀತಿಯ ಹೊಳೆವ್ವಕ್ಕನಿಗೆ,

"ಚಾ ಬೇಕು" ಎಂಬ ಮಾತನ್ನು ನಮ್ಮ ಕೇಂದ್ರದ ಸಿಪಾಯಿ ನಬೀಸಾಬನಿಗೆ ಓದಿ ಹೇಳಿದೆ. ಅವನು ಅದನ್ನು ಪೇಟೆಗೆಲ್ಲ ಹೇಳಿ ಬಂದಿದ್ದಾನೆ.

ಶಂಕ್ರವ್ವನ ಹಟಕ್ಕೆ ಗಾಬರಿಯಾಗಬೇಡಿ. ಹೊಸ ಜಾಗ, ಹೊಸ ಜನ, ಕೇಳಿಸದ ಮಗುವಿಗೆ ಸಿಟ್ಟು ಬರುವುದು ಸಹಜ. ಯಂತ್ರವನ್ನು ಸದ್ಯ ಬದಿಗಿಡಿ. ಬೈಯಬೇಡಿ. ದಿನಕ್ಕೆ ಹತ್ತೇ ನಿಮಿಷ ಕನ್ನಡಿಯ ಮುಂದೆ ಕೂಡಿಸಿ, ಅವಳು ತಾನಾಗಿ ಹತ್ತಿರ ಬರುವವರೆಗೆ ಕಾಯಿರಿ.

ಇನ್ನೊಂದು ಸುದ್ದಿ. ಮೊನ್ನೆ ಜಿಲ್ಲಾ ಕಚೇರಿಯಲ್ಲಿ ನಮ್ಮ ವೃತ್ತಿಯವರ ಸಭೆ ಇತ್ತು. ಕಿವಿಯ ಪರೀಕ್ಷೆ ಮಾಡುವವರು, ಯಂತ್ರ ಕೊಡುವವರು, ಮಾತು ಕಲಿಸುವವರು ಮುಂದೆ ತರಬೇತಿ ಪಡೆದ ಪ್ರಮಾಣಪತ್ರ ಇಟ್ಟುಕೊಂಡಿರಬೇಕು ಎಂಬ ನಿಯಮ ಬರುತ್ತದಂತೆ. ಬರಲಿ ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಶಿಗ್ಗಾಂವಿಯ ಸಂತೆಯಲ್ಲಿ ಒಬ್ಬ ವ್ಯಾಪಾರಿ ನಾಲ್ಕು ವರ್ಷದ ಮಗುವಿಗೆ ಮುದುಕರಿಗೆ ಕೊಡುವ ಯಂತ್ರ ಮಾರಿದ್ದಾನೆ. ಸದ್ದಿನ ಗಾಲಿಯನ್ನು ತುದಿಯವರೆಗೆ ತಿರುಗಿಸಿ ಕಳಿಸಿದ್ದಾನೆ. ಉಳಿದಿದ್ದ ಅಷ್ಟಿಷ್ಟು ಕೇಳಿಕೆಯೂ ಹೋಗಿ ಆ ಮಗು ನನ್ನ ಹತ್ತಿರ ಬಂತು. ಇಂಥವರನ್ನು ತಡೆಯುವವರು ಬೇಕಲ್ಲವೇ? ನಿಮಗೆ ಇದರಿಂದ ಏನೂ ಆಗುವುದಿಲ್ಲ. ನೀವು ನಿಮ್ಮ ಕೆಲಸ ಮಾಡುತ್ತಿರಿ.

ನಿಮ್ಮ,
ಮುನವ್ವರಾ

*

ಹಂಸಭಾವಿ
೫ ಸೆಪ್ಟೆಂಬರ್ ೧೯೮೨

ಮುನವ್ವರಾ ಅಕ್ಕೋರಿಗೆ,

ಆ ಸಂತೆಯ ವ್ಯಾಪಾರಿಯ ಕೈ ಸೇದಿಹೋಗಲಿ. ನಿಯಮ ಬಂದರೆ ಒಳ್ಳೆಯದೇ. ಆದರೆ ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಅದರ ಕಾಗದ ಬಿಟ್ಟರೆ ನನ್ನ ಹತ್ತಿರ ಬೇರೆ ಪ್ರಮಾಣಪತ್ರವಿಲ್ಲ. ನನಗೆ ಏನೂ ಆಗುವುದಿಲ್ಲ ಎಂದು ನೀವು ಬರೆದಿದ್ದೀರಿ. ಯಾಕೆ ಆಗುವುದಿಲ್ಲ ಎಂದು ಬರೆದಿಲ್ಲ.

ಒಂದು ಸಂತೋಷದ ಸಂಗತಿ. ಶಂಕ್ರವ್ವ ಈಗ ಬಹಳ ತಣ್ಣಗಾಗಿದ್ದಾಳೆ. ನೀವು ಹೇಳಿದಂತೆ ಕಾದೆ. ಈಗ ತಲೆ ಬಡಿದುಕೊಳ್ಳುವುದಿಲ್ಲ, ಯಾರನ್ನೂ ಚಿವುಟುವುದಿಲ್ಲ. ಪಾಠ ನಡೆದಿರುವಾಗಲೇ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಡುತ್ತಾಳೆ. ಯಂಕವ್ವ, "ನಿನ್ನ ಕಡೆ ಬಂದ ಮ್ಯಾಲ ನನ್ನ ಮೊಮ್ಮಗಳು ಆಕಳಾಗ್ಯಾಳ ನೋಡು" ಎನ್ನುತ್ತಾಳೆ.

ಒಮ್ಮೆ ಬಂದು ನಮ್ಮ ಕೋಣೆ ನೋಡಿರಿ.

ಹೊಳೆವ್ವ

*

ಸವಣೂರು
೨೨ ನವೆಂಬರ್ ೧೯೮೨

ಹೊಳೆವ್ವಕ್ಕನಿಗೆ,

ಹೋದ ವಾರ ನಿಮ್ಮ ಮನೆಯಲ್ಲಿ ಉಂಡ ರೊಟ್ಟಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ನಮ್ಮ ಅಮ್ಮೀಗೆ ಹೇಳಿದರೆ, "ಅಷ್ಟು ದೂರ ಹೋಗಿ ರೊಟ್ಟಿ ತಿಂದು ಬಂದಳು" ಎಂದು ನಗುತ್ತಾರೆ. ಐದು ಮಕ್ಕಳೂ ಚೆನ್ನಾಗಿ ಕಲಿತಿದ್ದಾರೆ.

ನಾನು ನಿಮ್ಮಲ್ಲಿಂದ ಕೇಂದ್ರಕ್ಕೆ ಕರೆದುಕೊಂಡು ಬಂದ ಶಂಕ್ರವ್ವನ ಪರೀಕ್ಷೆ ಪೂರ್ತಿಯಾಗಿಲ್ಲ. ಕಿವಿಯಲ್ಲಿ ಸ್ವಲ್ಪ ಸೋಂಕು ಇರುವಂತಿದೆ. ಭರಮಪ್ಪ ಮತ್ತು ಯಂಕವ್ವನ ಜೊತೆ ಹುಬ್ಬಳ್ಳಿಯ ದವಾಖಾನೆಗೆ ಕಳಿಸಿದ್ದೇನೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕಚೇರಿಗೆ ಒಂದು ವರದಿ ಕೊಡಬೇಕಿದೆ. ಕೆಲಸ ಬಹಳ. ಹೆಚ್ಚು ಬರೆಯಲಾರೆ.

ಮುನವ್ವರಾ

*

ಹಂಸಭಾವಿ
೧೭ ಜನವರಿ ೧೯೮೩

ಮುನವ್ವರಾ ಬಾಯಿಯವರಿಗೆ,

ಬುಧವಾರ ಕಚೇರಿಯಿಂದ ಒಬ್ಬ ಸಾಹೇಬರು ಬಂದಿದ್ದರು. ಬೂಟು ಬಿಚ್ಚಿ ಕೋಣೆಯೊಳಗೆ ಬಂದರು, ಮಕ್ಕಳ ಎದುರಿಗೆ ಚಾಪೆಯ ಮೇಲೆ ಕೂತರು. ಒಳ್ಳೆಯವರು ಎಂದುಕೊಂಡೆ. ಆಮೇಲೆ ಚೀಲದಿಂದ ಕಾಗದ ತೆಗೆದು ಓದಿದರು. "ಹಂಸಭಾವಿಯಲ್ಲಿ ಅರ್ಹತೆಯಿಲ್ಲದ ವ್ಯಕ್ತಿಯೊಬ್ಬರು ತರಗತಿ ನಡೆಸುತ್ತಿದ್ದು, ಒಂದು ಮಗುವಿನ ಕಿವಿಯ ತೀವ್ರ ರೋಗವನ್ನು ಗುರುತಿಸದೆ ಐದು ತಿಂಗಳು ಮಾತಿನ ಪಾಠ ಹೇಳಿರುತ್ತಾರೆ. ಕೀವು ಕಿವಿಯ ಹಿಂದಿನ ಎಲುಬಿಗೆ ಇಳಿದು ಪ್ರಾಣಾಪಾಯದ ಸ್ಥಿತಿ ಉಂಟಾಗಿರುತ್ತದೆ."

"ಇದನ್ನ ಬರದವರು ಯಾರ್ರಿ?" ಎಂದೆ.

"ಸವಣೂರಿನ ಬಾಯಾರು."

ಅವಳ ಕಿವಿ ಸೋರುತ್ತಿತ್ತು. ನಾನು ನೋಡಿದ್ದೆ. ನಿಮಗೆ ಬರೆಯಲಿಲ್ಲ, ಯಾಕೆಂದರೆ ಅದು ಬರೆಯುವಂಥ ಸಂಗತಿ ಎಂದು ನನಗೆ ಅನ್ನಿಸಲಿಲ್ಲ. ನಮ್ಮಲ್ಲಿ ಯಾವ ಮಗುವಿನ ಕಿವಿ ಸೋರುವುದಿಲ್ಲ? ಅರಳೆ ಇಟ್ಟು ಒರೆಸಿದೆ. ನೋವಿನಿಂದ ತಲೆ ಬಡಿದುಕೊಳ್ಳುವ ಮಗುವನ್ನು ಹಟಮಾರಿ ಎಂದೆ. ಜ್ವರದಿಂದ ಮಲಗುವ ಮಗುವನ್ನು ತಣ್ಣಗಾದಳು ಎಂದೆ. ನೀವು ಬರೆದದ್ದರಲ್ಲಿ ಸುಳ್ಳೊಂದೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಉಂಡು, ನನ್ನ ಬೆನ್ನು ಸವರಿ, "ಸ್ವಲ್ಪ ಸೋಂಕು" ಎಂದು ಬರೆದಿರಲ್ಲ.

ಅವತ್ತೇ ಕೋಣೆಗೆ ಬೀಗ ಹಾಕಿ ಗುದ್ಲೆಪ್ಪನವರಿಗೆ ಕೀಲಿ ಕೊಟ್ಟೆ. ಕನ್ನಡಿ ಮತ್ತು ಚಿತ್ರದ ರಟ್ಟುಗಳನ್ನು ಸವಣೂರಿನ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ.

ಯಂಕವ್ವನ ಮನೆಗೆ ಎರಡು ತಿಂಗಳಿಂದ ಬೀಗವಿದೆ. ತಿಳವಳ್ಳಿಗೆ ಹೋಗಿ ಭರಮಪ್ಪನ ಬಾಗಿಲು ಬಡಿಯುವ ಧೈರ್ಯ ನನಗಿಲ್ಲ. ನಿಮ್ಮನ್ನು ಒಂದೇ ಮಾತು ಕೇಳುತ್ತೇನೆ, ಅದಕ್ಕಷ್ಟೇ ಉತ್ತರ ಬರೆಯಿರಿ. ಮಗು ಬದುಕಿದೆಯೇ?

ಹೊಳೆವ್ವ

*

ಸವಣೂರು
೨೦ ಜನವರಿ ೧೯೮೩

ಹೊಳೆವ್ವಕ್ಕಾ,

ಬದುಕಿದ್ದಾಳೆ. ಚೆನ್ನಾಗಿದ್ದಾಳೆ.

ಡಿಸೆಂಬರ್ ಒಂಬತ್ತಕ್ಕೆ ಎಡಗಿವಿಯ ಹಿಂದೆ ಶಸ್ತ್ರಕ್ರಿಯೆ ಆಯಿತು. ನಡುವೆ ಹನ್ನೊಂದು ದಿನ ಜ್ವರ ಇಳಿಯಲಿಲ್ಲ, ಆಗ ಎಲ್ಲರೂ ಹೆದರಿದ್ದೆವು. ಹೋದ ಭಾನುವಾರ ನಾನು ಹೋಗಿ ನೋಡಿದಾಗ ತಲೆಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತು ಅಜ್ಜಿಯ ಕೈಯಿಂದ ಬಾಳೆಹಣ್ಣು ಕಸಿದುಕೊಳ್ಳುತ್ತಿದ್ದಳು. ಬಲಗಿವಿ ಔಷಧದಿಂದಲೇ ಒಣಗಿದೆ. ಅದರಲ್ಲಿ ಕೇಳಿಕೆ ಉಳಿಯುತ್ತದೆ ಎಂದಿದ್ದಾರೆ ಡಾಕ್ಟರು. ಈ ತಿಂಗಳ ಕೊನೆಗೆ ಊರಿಗೆ ಕಳಿಸುತ್ತಾರೆ.

ಇದನ್ನು ನಿಮಗೆ ಆಗಲೇ ಬರೆಯಬೇಕಿತ್ತು. ನೀವು ಹೆದರುತ್ತೀರಿ ಎಂದು ಬರೆಯಲಿಲ್ಲ ಎಂದುಕೊಂಡಿದ್ದೆ. ಅದೂ ಪೂರ್ತಿ ನಿಜವಲ್ಲ.

ನಿಮ್ಮ ಜೂನ್ ತಿಂಗಳ ಪತ್ರ ನನ್ನ ಮುಂದಿದೆ. ಮೂರು ವರ್ಷದವರೆಗೆ ಮಾತಾಡುತ್ತಿದ್ದ ಮಗು, ಕಿವಿಯ ಹತ್ತಿರ ಕೈ ತಂದರೆ ತಲೆ ಬಡಿದುಕೊಳ್ಳುತ್ತದೆ ಎಂದು ನೀವು ಬರೆದಿದ್ದಿರಿ. ಮೈಸೂರಿಗೆ ಹೋಗಿ ಮೂರು ವರ್ಷ ಓದಿ ಬಂದವಳು ಅದನ್ನು ಓದಿದ ಕೂಡಲೇ, ಕಿವಿ ಸೋರುತ್ತದೆಯೇ ಎಂದು ಕೇಳಬೇಕಿತ್ತು. ನಾನು ಕೇಳಲಿಲ್ಲ. ಹಟಕ್ಕೆ ಮದ್ದು ಬರೆದೆ. ಸೆಪ್ಟೆಂಬರಿನಲ್ಲಿ ಅವಳು ಮಲಗಿಬಿಡುತ್ತಾಳೆ ಎಂದು ಬರೆದಿರಿ, ಅದಕ್ಕೆ ಉತ್ತರವನ್ನೇ ಬರೆಯಲಿಲ್ಲ. ಎರಡು ಸಲ ನೀವು ನನಗೆ ಹೇಳಿದಿರಿ ಅಕ್ಕಾ, ಎರಡು ಸಲವೂ ನನಗೆ ಕೇಳಿಸಲಿಲ್ಲ. ವರದಿಯಲ್ಲಿ ನಿಮ್ಮ ತಪ್ಪನ್ನು ಬರೆದು ನನ್ನದನ್ನು ಬಿಟ್ಟೆ.

ಇವತ್ತು ಕಚೇರಿಗೆ ಇನ್ನೊಂದು ಪತ್ರ ಕಳಿಸಿದೆ. ಅರ್ಹತೆ ಇರುವ ವ್ಯಕ್ತಿಯೂ ಅದೇ ರೋಗವನ್ನು ಗುರುತಿಸಲಿಲ್ಲ ಎಂದು ಬರೆದು, ನಿಮ್ಮ ಎರಡು ಪತ್ರಗಳ ನಕಲನ್ನೂ ಲಗತ್ತಿಸಿದೆ. ನಿಮ್ಮನ್ನು ಕೇಳಿ ಮಾಡಬೇಕಿತ್ತು. ತಡ ಮಾಡಿದರೆ ನನ್ನ ಧೈರ್ಯ ಇಳಿದುಹೋಗುತ್ತಿತ್ತು.

ಕನ್ನಡಿ ಕಳಿಸಬೇಡಿ.

ಮುನವ್ವರಾ

*

ಸವಣೂರು
೧೮ ಫೆಬ್ರುವರಿ ೧೯೮೩

ಹೊಳೆವ್ವಕ್ಕನಿಗೆ,

ಕಾರ್ಡು ಬರೆಯುತ್ತಿದ್ದೇನೆ, ಅಂಚೆಯವನು ಓದಿದರೂ ಚಿಂತೆಯಿಲ್ಲ. ನನ್ನ ಪತ್ರ ಮುಟ್ಟಿತೇ? ಗುತ್ತೆವ್ವನ ಸೆಲ್ಲು ಈ ಹೊತ್ತಿಗೆ ಮುಗಿದಿರಬೇಕು. ಬೇರೆ ಕಳಿಸಿದ್ದೇನೆ. ನನ್ನ ಮೇಲಿನ ಸಿಟ್ಟಿಗೆ ಅವಳ ಕಿವಿ ಮುಚ್ಚಬೇಡಿ.

ಮುನವ್ವರಾ

*

ಸವಣೂರು
೨೬ ಮಾರ್ಚ್ ೧೯೮೩

ಹೊಳೆವ್ವಕ್ಕಾ,

ನೀವು ಉತ್ತರ ಬರೆಯದಿದ್ದರೂ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಇದು ಹೊಟ್ಟೆಯಲ್ಲಿದ್ದರೆ ನಾನು ಬರೆದ ಉಳಿದದ್ದಕ್ಕೆ ಬೆಲೆಯಿಲ್ಲ.

ನಮ್ಮ ಕೇಂದ್ರ ನಡೆಯುತ್ತಿದ್ದುದು ಹೊರದೇಶದ ದಾನಿಗಳ ಹಣದಿಂದ. ಅದು ಈ ಮೂವತ್ತೊಂದಕ್ಕೆ ನಿಲ್ಲುತ್ತದೆ. ಹೋದ ಜೂನ್ ತಿಂಗಳಲ್ಲೇ ನನಗೆ ಇದು ಗೊತ್ತಿತ್ತು, ನಿಮಗೆ ಹೇಳಲಿಲ್ಲ. ಇನ್ನು ಉಳಿದಿರುವುದು ಸರ್ಕಾರದ ಅನುದಾನ ಒಂದೇ. ಅದು ನಿಯಮ ಪಾಲಿಸುವ ಕೇಂದ್ರಗಳಿಗೆ ಮಾತ್ರ. ವರದಿ ಬರೆಯುವಾಗ ನನ್ನ ಮನಸ್ಸಿನ ಮೂಲೆಯಲ್ಲಿ ಇದೂ ಇತ್ತು. ಹಂಸಭಾವಿಯ ಬಗ್ಗೆ ಕಟ್ಟುನಿಟ್ಟಾಗಿ ಬರೆದರೆ ಸವಣೂರು ಉಳಿಯಬಹುದು. ನಿಮ್ಮನ್ನು ಬಿಟ್ಟುಕೊಟ್ಟೆ ಅಕ್ಕಾ. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾರೆ.

ಈಗ ನನ್ನ ಎರಡನೆಯ ಪತ್ರ ಹೋದ ಮೇಲೆ ಅನುದಾನದ ಸುದ್ದಿಯೇ ಇಲ್ಲ. ನಬೀಸಾಬ, "ಪಗಾರ ಬಂದಾಗ ಬರಲಿ ಬಾಯಾರ, ಬಾಗಲಾ ಅಂತೂ ತಗೀತೇನಿ" ಎಂದು ದಿನವೂ ಕಸ ಹೊಡೆದು ಕೂಡುತ್ತಾನೆ. ಹೈದರಾಬಾದಿನ ಒಂದು ದವಾಖಾನೆಯಿಂದ ನನಗೆ ಕೆಲಸಕ್ಕೆ ಕರೆ ಬಂದಿದೆ. ಅಮ್ಮೀ ಹೋಗು ಎನ್ನುತ್ತಾರೆ. ನಾನು ಇನ್ನೂ ಉತ್ತರ ಬರೆದಿಲ್ಲ.

ಮುನವ್ವರಾ

*

ಹಂಸಭಾವಿ
೬ ಏಪ್ರಿಲ್ ೧೯೮೩

ಮುನವ್ವರಾ ಅಕ್ಕೋರಿಗೆ,

ನಿಮ್ಮ ಮೂರೂ ಪತ್ರಗಳು ಮುಟ್ಟಿವೆ. ಮೊದಲನೆಯದನ್ನು ಓದಿ, ಅವಳು ಬದುಕಿದ್ದಾಳೆ ಎಂಬ ಸಾಲಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತೆ. ಉಳಿದದ್ದನ್ನು ಓದಿದ್ದು ಮರುದಿನ. ಆಮೇಲೆ ಉತ್ತರ ಬರೆಯಲು ಕೂತು ಎರಡು ಸಲ ಹರಿದು ಹಾಕಿದೆ. ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು.

ಕೋಣೆ ಮುಚ್ಚಿದ ಮೇಲೆ ಗುತ್ತೆವ್ವ ದಿನವೂ ಹೋಗಿ ಅದರ ಕಟ್ಟೆಯ ಮೇಲೆ ಒಬ್ಬಳೇ ಕೂಡುತ್ತಿದ್ದಳು. ಕರೆದರೂ ಬರುತ್ತಿರಲಿಲ್ಲ. ಅವಳಪ್ಪ ಒಂದು ದಿನ, "ನಿನಗ ನಿನ್ನ ಮರ್ಯಾದಿ ದೊಡ್ಡದಾತು, ಆಕಿಗೆ ಆಕಿ ಮಾತು" ಎಂದರು. ಅಷ್ಟೇ. ಅವರು ಹೆಚ್ಚು ಮಾತಾಡುವವರಲ್ಲ.

ಮೊನ್ನೆ ಸೋಮವಾರ ತಿಳವಳ್ಳಿಯಿಂದ ಭರಮಪ್ಪ ಬಂದರು. ಜೊತೆಗೆ ಯಂಕವ್ವ, ಶಂಕ್ರವ್ವ. ನಾನು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದೆ. ಅವರನ್ನು ಕಂಡವಳೇ ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ. ನಲವತ್ತು ವರ್ಷದವಳು ಹೀಗೆ ಮಾಡಿದೆ ಎಂದು ಹೇಳಲು ನಾಚಿಕೆ. ಯಂಕವ್ವ ಹೊರಗಿನಿಂದಲೇ ಕೂಗಿದಳು.

"ಏ ಹೊಳೆವ್ವಾ, ಹೊರಗ ಬಾ. ಬಿಸಿಲಾಗ ನಿಂದ್ರಿಸ್ತೀಯೇನು ನಮ್ಮನ್ನ?"

ಬಂದೆ. ಭರಮಪ್ಪನ ಮುಖ ನೋಡಲು ಆಗಲಿಲ್ಲ. "ನಿಮ್ಮ ಮಗಳ ಕಿವಿ ಸೋರೂದು ನೋಡಿದ್ನಿರೀ ಯಣ್ಣಾ. ನನಗ ತಿಳೀಲಿಲ್ಲ" ಎಂದೆ.

"ನಾ ಆಕಿ ಅಪ್ಪ. ನಾಕು ವರ್ಷ ನೋಡೇನಿ. ನನಗೂ ತಿಳೀಲಿಲ್ಲ" ಎಂದರು ಅವರು. "ನೀ ಆ ಸವಣೂರ ಬಾಯಾರನ್ನ ಕರಸದಿದ್ರ ನಾ ಆಕೀನ್ನ ದವಾಖಾನಿಗೆ ಒಯ್ಯತಿದ್ದಿಲ್ಲ. ಸುಗ್ಗಿ ಆಗಲಿ ಅಂತಿದ್ನಿ, ಆಮ್ಯಾಲ ಜಾತ್ರಿ ಆಗಲಿ ಅಂತಿದ್ನಿ. ಡಾಕ್ಟರು ಅಂದ್ರು, ಇನ್ನ ಹದಿನೈದು ದಿನ ತಡಾ ಮಾಡಿದ್ರ ಮಿದುಳಿಗೇ ಹತ್ತತಿತ್ತು ಅಂತ."

ಅಷ್ಟರಲ್ಲಿ ನಮ್ಮ ಮನೆಯ ಹಿಂದೆ ಹಿರೇಕೆರೂರಿನ ಬಸ್ಸು ಹಾರ್ನು ಹೊಡೆಯಿತು. ಶಂಕ್ರವ್ವ ಆ ಕಡೆ ತಿರುಗಿದಳು. ಬಸ್ಸು ಕಾಣುತ್ತಿರಲಿಲ್ಲ ಅಕ್ಕೋರೇ, ಗೋಡೆ ಅಡ್ಡವಿತ್ತು. ಸದ್ದಿಗೇ ತಿರುಗಿದಳು. "ಬಸ್ಸು" ಎಂದಳು. ತುಟಿ ಕೂಡಿಸಿ 'ಬ' ಅನ್ನುವುದನ್ನು ನಾನು ಕಲಿಸಿದ್ದೆನೋ, ಅವಳಿಗೇ ನೆನಪಿತ್ತೋ ಗೊತ್ತಿಲ್ಲ. ಯಂಕವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಮೆಣಸಿನಕಾಯಿ ಹತ್ತಿದ ಕೈಯಿಂದಲೇ ಕಣ್ಣು ಒರೆಸಿಕೊಂಡು ಬೇರೆಯೇ ಫಜೀತಿ ಮಾಡಿಕೊಂಡೆ. ಎಲ್ಲರೂ ನಕ್ಕರು. ಮೂರು ತಿಂಗಳಲ್ಲಿ ನಾನು ನಕ್ಕದ್ದು ಅವತ್ತೇ.

ಈಗ ನನ್ನ ಮಾತು ಕೇಳಿರಿ. ನೀವು ನನ್ನನ್ನು ಬಿಟ್ಟುಕೊಟ್ಟಿರಿ, ಅದು ಹೌದು. ನನಗೆ ನೋವಾಗಿದೆ. ಆದರೆ ನೀವು ಸಾಹೇಬರಿಗೆ ಬರೆದದ್ದನ್ನು ನನಗೂ ಬರೆದಿದ್ದೀರಿ. ಹಾಗೆ ಬರೆಯುವವರು ನನಗೆ ಗೊತ್ತಿದ್ದವರಲ್ಲಿ ಬೇರೆ ಯಾರೂ ಇಲ್ಲ. ನಿಯಮವನ್ನು ನನ್ನ ಮಟ್ಟಿಗೆ ಸಡಿಲಿಸಿ ಎಂದು ಯಾರನ್ನೂ ಕೇಳಬೇಡಿ. ಕೋಣೆ ತೆರೆದರೆ ಮೊದಲಿನ ಹಾಗೆ ತೆರೆಯುವುದಿಲ್ಲ. ನನಗೆ ಗೊತ್ತಿಲ್ಲದ್ದು ಏನೇನಿದೆಯೋ ಅದನ್ನು ಕಲಿಸಲು ಹೇಳಿರಿ. ಪರೀಕ್ಷೆ ಇಟ್ಟರೆ ಬರೆಯುತ್ತೇನೆ. ನಪಾಸಾದರೆ ಮತ್ತೆ ಬರೆಯುತ್ತೇನೆ.

ಹೈದರಾಬಾದಿಗೆ ಹೋಗುವುದೋ ಬಿಡುವುದೋ ನಿಮ್ಮ ಇಷ್ಟ. ಹೋಗುವುದಿದ್ದರೆ ಮೊದಲು ನನಗೆ ಕಲಿಸಿ ಹೋಗಿರಿ.

ನಿಮ್ಮ,
ಹೊಳೆವ್ವ

*

ಸವಣೂರು
೧೧ ಜುಲೈ ೧೯೮೩

ಪ್ರೀತಿಯ ಹೊಳೆವ್ವಕ್ಕನಿಗೆ,

ಕುಳಿತುಕೊಂಡು ಓದಿರಿ.

ನಿಮ್ಮ ಕೋಣೆಗೆ ಬಂದಿದ್ದ ಸಾಹೇಬರೇ ನಿನ್ನೆ ಕೇಂದ್ರಕ್ಕೆ ಬಂದಿದ್ದರು. ಕೈಯಲ್ಲಿ ನಮ್ಮ ಕಡತ. ಮುಚ್ಚುವ ಆದೇಶ ಎಂದುಕೊಂಡು ನಾನು ನಬೀಸಾಬನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಸಾಹೇಬರು ನೀರು ಕುಡಿದು, ಕನ್ನಡಕ ಒರೆಸಿಕೊಂಡು, "ಇಪ್ಪತ್ತೆರಡು ವರ್ಷ ನೌಕರಿ ಮಾಡೇನಿ ಬಾಯಾರ. ಮಂದಿ ತಪ್ಪು ಬರದ ಕಾಗದ ಗಾಡಿ ತುಂಬ ನೋಡೇನಿ. ತಮ್ಮ ತಪ್ಪು ತಾವ ಬರದಿದ್ದು ಇದ ಮೊದಲ್ನೇದು" ಎಂದರು.

"ಅದಕ್ಕ ಅನುದಾನ ಬರಲಿಲ್ಲೇನ್ರಿ?" ಎಂದು ಕೇಳಿಯೇಬಿಟ್ಟೆ.

"ಅದಕ್ಕ ತಡಾ ಆತು. ಮ್ಯಾಲಿನವರಿಗೆ ಅದನ್ನ ಓದಿಸಬೇಕಾಗಿತ್ತಲ್ಲ."

ಆದೇಶ ಹೀಗಿದೆ. ಕೇಂದ್ರಕ್ಕೆ ಎರಡು ವರ್ಷದ ಅನುದಾನ ಸಿಕ್ಕಿದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಯಾವ ಮಗುವಿಗೇ ಆಗಲಿ, ಮಾತಿನ ಪಾಠ ಶುರು ಮಾಡುವ ಮೊದಲು ಡಾಕ್ಟರು ಕಿವಿ ನೋಡಬೇಕು, ಇಲ್ಲಿ ಪರೀಕ್ಷೆ ಆಗಬೇಕು. ಊರುಗಳಲ್ಲಿ ಕಲಿಸುವವರು ಆರು ತಿಂಗಳು ಇಲ್ಲಿ ತರಬೇತಿ ಪಡೆದು, ಪರೀಕ್ಷೆ ಪಾಸಾದರೆ ಸಹಾಯಕಿ ಎಂಬ ಪ್ರಮಾಣಪತ್ರ. ಪಾಸಾಗದಿದ್ದರೆ ಇಲ್ಲ. ಎರಡು ವರ್ಷದ ಮೇಲೆ ಏನು ಎಂದು ಕೇಳಿದೆ. "ಅದನ್ನ ಆಗ ನೋಡೋಣು" ಎಂದರು.

ತರಬೇತಿಯ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದು. ಆಗಸ್ಟ್ ಮೊದಲ ವಾರ ಬನ್ನಿರಿ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ಬಂಕಾಪುರದಲ್ಲಿ ಇನ್ನೊಮ್ಮೆ. ಉಳಿಯಲು ನಮ್ಮ ಮನೆಯಿದೆ. ಅಮ್ಮೀ ಈಗಾಗಲೇ ರೊಟ್ಟಿಗೆಂದು ಜೋಳ ತರಿಸಿದ್ದಾರೆ. ನೀವೇ ಬಡಿಯಬೇಕಂತೆ, ತಮಗೆ ಬರುವುದಿಲ್ಲವಂತೆ. ಗುತ್ತೆವ್ವನನ್ನೂ ಕರೆತನ್ನಿರಿ.

ಹೈದರಾಬಾದಿಗೆ ಬರುವುದಿಲ್ಲ ಎಂದು ಇವತ್ತು ಬರೆದು ಹಾಕಿದೆ.

ನಿಮ್ಮ,
ಮುನವ್ವರಾ

*

ಹಂಸಭಾವಿ
೩ ಮಾರ್ಚ್ ೧೯೮೪

ಮುನವ್ವರಾ ಅಕ್ಕೋರಿಗೆ,

ನಿನ್ನೆ ಅಂಚೆಯಲ್ಲಿ ಪ್ರಮಾಣಪತ್ರ ಬಂತು. ನೂರಕ್ಕೆ ನಲವತ್ಮೂರು. ನಿಮ್ಮ ಅಮ್ಮೀಗೆ ಮೊದಲು ತಿಳಿಸಿರಿ, ರೊಟ್ಟಿ ಬಡಿಯುತ್ತ ಕಿವಿಯೊಳಗಿನ ಮೂರು ಎಲುಬುಗಳ ಹೆಸರನ್ನು ನಾನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದುದನ್ನು ಸಹಿಸಿಕೊಂಡವರು ಅವರು. ಹದಿನೆಂಟು ವರ್ಷದ ಹುಡುಗಿಯರ ನಡುವೆ ಕೂತು ಪರೀಕ್ಷೆ ಬರೆಯುವಾಗ ನನ್ನ ಹೆಸರನ್ನೇ ಎರಡು ಸಲ ಹೊಡೆದು ಬರೆದದ್ದು ನಿಮಗೂ ಕಂಡಿರಬೇಕು. ಮೌಖಿಕ ಪರೀಕ್ಷೆಯಲ್ಲಿ ನೀವು ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿತ್ತು, ನಿಮ್ಮ ಗಂಭೀರ ಮುಖ ನೋಡಿ ಮರೆತುಹೋಯಿತು. ಸ್ವಲ್ಪ ನಕ್ಕಿದ್ದರೆ ನಲವತ್ತೈದು ಬರುತ್ತಿತ್ತು.

ಗುತ್ತೆವ್ವನ ಅಪ್ಪ ಪ್ರಮಾಣಪತ್ರವನ್ನು ಓದಿ, ತಿರುಗಿಸಿ ಹಿಂದೆಯೂ ನೋಡಿ, ಗಾಜಿನ ಕಟ್ಟು ಹಾಕಿಸಲು ಹಿರೇಕೆರೂರಿಗೆ ಒಯ್ದಿದ್ದಾರೆ. ಇನ್ನೂ ಬಂದಿಲ್ಲ.

ಇವತ್ತು ಬೆಳಿಗ್ಗೆ ಗುದ್ಲೆಪ್ಪನವರ ಹತ್ತಿರ ಕೀಲಿ ಇಸಿದುಕೊಂಡೆ. ಹೋಗಿ ನೋಡಿದರೆ ಕಟ್ಟೆಯ ಮೇಲೆ ಮಕ್ಕಳು ಸಾಲಾಗಿ ಕೂತಿದ್ದರು. ಹಳೆಯ ಐವರು, ನೀವು ಪರೀಕ್ಷೆ ಮಾಡಿ ಕಳಿಸಿದ ಹೊಸ ಮೂವರು, ತಾಯಂದಿರು. ಯಂಕವ್ವನೂ ಇದ್ದಳು. ಅವಳ ಮೊಮ್ಮಗಳು ಈಗ ತಿಳವಳ್ಳಿಯ ಸಾಲೆಗೆ, ಎಲ್ಲ ಮಕ್ಕಳ ಜೊತೆ, ಎರಡನೆಯ ಇಯತ್ತೆಗೆ ಹೋಗುತ್ತಾಳೆ. ಇಲ್ಲಿ ಅವಳಿಗೆ ಕೆಲಸವೇನಿಲ್ಲ, ಆದರೂ ಬಂದಿದ್ದಳು.

"ಈಗ ನೀ ಖರೇ ಖರೇ ಅಕ್ಕೋರು ಆದ್ಯೇನು?" ಎಂದು ಕೇಳಿದಳು.

"ಇನ್ನ ಒಂದೂವರಿ ವರ್ಷದ ಮಟ್ಟಿಗೆ ಅದೇನಿ ಯಂಕವ್ವಾ. ಆಮ್ಯಾಲ ರೊಕ್ಕ ಬರತೈತೋ ಇಲ್ಲೋ, ಇನ್ನೇನು ನಿಯಮಾ ತರತಾರೋ, ಯಾರಿಗೆ ಗೊತ್ತು?"

"ಒಂದೂವರಿ ವರ್ಷ ಕಡಿಮಿ ಆತೇನ?" ಎಂದಳು ಯಂಕವ್ವ. "ಬಾಗಲಾ ತಗಿಯವಾ ಮೊದಲು. ಹುಡುಗ್ರು ಕುಂತಾವ."

ತೆಗೆದೆ.

ನಿಮ್ಮ,
ಹೊಳೆವ್ವ